ತೇಹಾತೆಯ ನೊರೆ ತೆಗೆದ ಉಪಕಾರ

ಅಡುಗೆಮನೆಯಲ್ಲಿ ನನಗೆ ಬಾರದ ಕೆಲಸವಿಲ್ಲ ಎಂಬ ನಂಬಿಕೆ ನನಗೆ ಬಹಳ ಹಿಂದಿನಿಂದಲೂ ಇತ್ತು. ಮದುವೆಗೆ ಮುಂಚೆ ಎಂಟು ವರ್ಷ ಕೆಲಸಗಾರರ ಕ್ಯಾಂಪಿನ ರೂಮಿನಲ್ಲಿ ಆರು ಜನರಿಗೆ ಅಡುಗೆ ಮಾಡಿ ಹಾಕಿದವನು ನಾನು. ಅವರಲ್ಲಿ ಆರೂ ಜನ ಇವತ್ತಿಗೂ ಬದುಕಿದ್ದಾರೆ!

ನಾನು ದುಡಿಯಲು ಬಂದಿರುವ ಅರಬ್ ನಾಡಿನ ಖತೀಫ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಇರುವವನು ಹಾವಿಯೆರ್. ಮೆಕ್ಸಿಕೋದವನು, ನಮ್ಮ ಕಂಪನಿಯಲ್ಲೇ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಕಳೆದ ತಿಂಗಳು ಅವನ ತಾಯಿ ತೀರಿಕೊಂಡರು. ಊರಿಗೆ ಹೋಗಿ ಬರಲು ಬೇಕಾದ ಎಕ್ಸಿಟ್ ರೀ-ಎಂಟ್ರಿ ಕಾಗದ ಕೈಗೆ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ನನ್ನ ಅಪ್ಪ ಹೋದಾಗ ನಾನೂ ಹೀಗೇ ಇಲ್ಲಿ ಸಿಕ್ಕಿಬಿದ್ದಿದ್ದೆ. ಅವನ ಸಂಕಟ ನನಗೆ ಗೊತ್ತು ಎಂದುಕೊಂಡೆ.

ಒಂಬತ್ತನೆಯ ದಿನ ಪ್ರಾರ್ಥನೆ ಮುಗಿಸಿ ತಾಯಿಯ ಫೋಟೋದ ಮುಂದೆ ಅವರ ಇಷ್ಟದ ಪಾನೀಯ ಇಡುತ್ತೇನೆ, ಬಾ ಎಂದ. ಅದರ ಹೆಸರು ತೇಹಾತೆ. ಬೂದಿಯಲ್ಲಿ ಬೇಯಿಸಿದ ಮೆಕ್ಕೆಜೋಳ, ಹುರಿದ ಕೊಕ್ಕೋ, ಒಂದು ಜಾತಿಯ ಒಣ ಹೂವು ಎಲ್ಲ ಅರೆದು ತಣ್ಣೀರಲ್ಲಿ ಕಲಸಿ ಮಾಡುವುದಂತೆ. ಸ್ಪೇನಿನವರು ಹಡಗಿನಲ್ಲಿ ಬರುವುದಕ್ಕೂ ಮುಂಚಿನಿಂದ ಅವರ ಝಪೊಟೆಕ್ ಜನ ಇದನ್ನು ಕುಡಿಯುತ್ತಿದ್ದರಂತೆ. ಅವನ ತಾಯಿ ಇದನ್ನೇ ಸಂತೆಯಲ್ಲಿ ಮಾರಿ ಅವನನ್ನು ಓದಿಸಿದವರು. ಅವರು ಕೈಯಾರೆ ಅರೆದು ಒಣಗಿಸಿ ಕಳಿಸಿದ ಪುಡಿಯಲ್ಲಿ ಒಂದೇ ಒಂದು ಪೊಟ್ಟಣ ಉಳಿದಿತ್ತು. ಇನ್ನು ಕಳಿಸುವವರು ಇರಲಿಲ್ಲ.

ಹಾವಿಯೆರ್ ದೊಡ್ಡ ಬೇಸಿನ್ನಿನಲ್ಲಿ ಪುಡಿ ಕಲಸಿ, ಮೊಣಕೈವರೆಗೆ ಕೈ ಇಳಿಸಿ ಒಂದು ಗಂಟೆ ತಿರುವಿದ. ನಾನು ಎತ್ತರದಿಂದ ನೀರು ಹೊಯ್ದೆ. ಚಹಾ ಎತ್ತಿ ಹೊಯ್ದು ಪಳಗಿದ ಕೈ ನನ್ನದು, ಒಂದು ಹನಿ ಚೆಲ್ಲಲಿಲ್ಲ. ಅಷ್ಟರಲ್ಲಿ ಅವನ ಅಕ್ಕನ ಫೋನ್ ಬಂತು. ಸ್ವಲ್ಪ ನೋಡಿಕೋ ಎಂದು ಹೇಳಿ ಒಳಗೆ ಹೋದ.

ನೋಡಿದೆ. ಮೇಲೆಲ್ಲ ಬಿಳಿ ನೊರೆ ದಪ್ಪಗೆ ತೇಲುತ್ತಿತ್ತು. ಮಾಂಸ ಬೇಯುವಾಗ, ಬೆಲ್ಲ ಕುದಿಯುವಾಗ ಮೇಲೆ ಬರುವ ನೊರೆ ಕೊಳೆ, ತೆಗೆದು ಬಿಸಾಡಬೇಕು ಎಂದು ನನ್ನ ಉಮ್ಮ ಕಲಿಸಿದ್ದರು. ಪಾಪ, ದುಃಖದಲ್ಲಿ ಮರೆತಿದ್ದಾನೆ ಎಂದು ನಾನೇ ತೂತು ಸೌಟು ಹಿಡಿದೆ. ಅತ್ಯಂತ ಶ್ರದ್ಧೆಯಿಂದ, ಒಂದು ಗುಳ್ಳೆಯೂ ಉಳಿಯದಂತೆ ತೆಗೆದು ಸಿಂಕಿಗೆ ಹಾಕಿ ನಲ್ಲಿ ಬಿಟ್ಟೆ.

ಅವನು ವಾಪಸ್ ಬಂದು ನೊರೆ ಎಲ್ಲಿ ಎಂದು ಕೇಳಿದ. ಕ್ಲೀನ್ ಮಾಡಿದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವನ ಮುಖ ನೋಡಿದ ಮೇಲೆ ಗೊತ್ತಾಯಿತು, ತೇಹಾತೆ ಎಂದರೆ ಆ ನೊರೆಯೇ. ಕೊಕ್ಕೋದ, ಹೂವಿನ ಸಾರವೆಲ್ಲ ಅದರಲ್ಲೇ ಮೇಲೆ ಬರುವುದು. ಕೆಳಗೆ ಉಳಿದದ್ದು ಜೋಳ ತೊಳೆದಂಥ ಕಂದು ನೀರು.

ಗಾಬರಿಯಲ್ಲಿ ನಾನು ಆ ನೀರನ್ನೇ ಚೊಂಬಿನಲ್ಲಿ ಮೊಗೆದು ಮತ್ತೆ ಮತ್ತೆ ಎತ್ತಿ ಹೊಯ್ದೆ. ನೊರೆ ಬರಲಿಲ್ಲ. ಗೋಡೆಗೆ, ನೆಲಕ್ಕೆ, ನನ್ನ ಅಂಗಿಗೆ ಧಾರಾಳವಾಗಿ ಹಾರಿತು. ಹಾವಿಯೆರ್ ಸಿಂಕಿನ ಪಕ್ಕದಿಂದ ಸೌಟು ಎತ್ತಿಕೊಂಡ. ಅದಕ್ಕೆ ಅಂಟಿದ್ದ ಚೂರು ನೊರೆಯನ್ನು ಬೆರಳಿನಿಂದ ಬಳಿದು ತಾಯಿಯ ಲೋಟಕ್ಕೆ ಹಾಕಿ ಫೋಟೋದ ಮುಂದಿಟ್ಟ.

ನನಗೆ ಅಳು ತಡೆಯಲಾಗಲಿಲ್ಲ. ಅವನೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನು ಸವರಿ, ಕುಡಿಯಲು ನೀರು ಕೊಟ್ಟು, ಕೆಳಗೆ ನಮ್ಮ ಬಾಗಿಲವರೆಗೆ ಬಿಟ್ಟು ಹೋದ.

ಬಾಗಿಲು ತೆರೆದ ಹೆಂಡತಿ ಸಫಿಯಾ ನನ್ನ ಅಂಗಿಯನ್ನೂ ಕಣ್ಣನ್ನೂ ನೋಡಿ ಏನಾಯಿತೆಂದು ಎಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ ಹೇಳಿದಳು: "ಇನ್ನು ಯಾರಾದ್ರೂ ತೀರಿಹೋದ್ರೆ ನಾನೇ ಹೋಗಿ ಬರ್ತೇನೆ. ನೀವು ಕಾರಿನಲ್ಲಿ ಕೂತ್ಕೊಳ್ಳಿ, ಆಯ್ತಾ?"

ಆಯ್ತು ಎಂದೆ. ಕಾರಿನ ಏಸಿಯನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.