ಏಳು ಬಸಪ್ಪರನ್ನು ಸೋಸಿ ಒಗೆದದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು. ಹೀಗಾಗಿ ಹೆಂಡತಿ ರೇಣುಕಾಳ ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆಯುವವರ ಪಟ್ಟಿ ಮಾಡುವಾಗ ಪೆನ್ನು ಮುಟ್ಟಲಿಲ್ಲ. ಲ್ಯಾಪ್‌ಟಾಪ್ ತೆಗೆದೆ!

ಅಪ್ಪ, ಅವ್ವ, ರೇಣುಕಾ ಮೂವರೂ ಹೇಳಿದ ಹೆಸರನ್ನೇ ಮತ್ತೆ ಮತ್ತೆ ಹೇಳಿದ್ದರು.

"ಪೈಥಾನ್‌ನಾಗ ಮೂರು ಸಾಮಾನು ಅದಾವ," ಅಂತ ರೇಣುಕಾಗೆ ಪಾಠ ಶುರು ಮಾಡಿದೆ. "ಫಿಲ್ಟರ್ ಅಂದ್ರ ಸಾಣಿಗಿ. ಒಮ್ಮೆ ದಾಟಿದ ಹೆಸರು ಮತ್ತ ಬಂದ್ರ ತಡೀತೈತಿ. ಮ್ಯಾಪ್, ಉಳಿದವರಿಗೆಲ್ಲಾ ಆಮಂತ್ರಣ ಹಚ್ಚತೈತಿ. ರೆಡ್ಯೂಸ್, ಎಲ್ಲಾ ಮನಿ ಮಂದೀನ ಕೂಡಿಸಿ ಅಡಿಗಿಯವರಿಗೆ ಒಂದ ಸಂಖ್ಯೆ ಕೊಡ್ತೈತಿ."

"ಒಮ್ಮೆ ಅತ್ತಿಯವ್ರಿಗೆ ಪಟ್ಟಿ ತೋರಸ್ರಿ."

"ಅವ್ವಗ ಪೈಥಾನ್ ಬರ್ತೈತೇನ?"

ಗುಂಡಿ ಒತ್ತಿದೆ. ಆಮಂತ್ರಣ ಎಲ್ಲರ ಫೋನಿಗೆ ಹೋದವು. ಮಂದಿ ಕಮ್ಮಿಯಾದರು, ಹೋಳಿಗಿ ಉಳಿಯಿತು ಅಂತ ಬೀಗಿದೆ.

ಮರುದಿನ ರೇಣುಕಾ ಫೋನ್ ಹಿಡಿದು ಬಂದಳು. ಮುಖ ಬಿಳಿಚಿತ್ತು.

"ನಮ್ಮಪ್ಪನ್ನ ಕರದಿಲ್ಲೇನ್ರಿ? ಕರೀದ ಮನಿಗೆ ಕುಬಸದ ಸೀರಿ ತರಾಂಗಿಲ್ಲ ಅನ್ನಾಕತ್ಯಾನ!"

ತವರಿನ ಸೀರೆ ಇಲ್ಲದೆ ಕುಬಸವೇ ಇಲ್ಲ! ಪಟ್ಟಿ ತೆಗೆದೆ. ನಮ್ಮ ಕಡೆ ಮುತ್ಯಾನ ಹೆಸರು ಮೊಮ್ಮಗನಿಗೆ. ಹೀಗಾಗಿ ಪಟ್ಟಿಯಲ್ಲಿ ಎಂಟು ಬಸಪ್ಪರು. ಅಡ್ಡಹೆಸರು, ಊರು ನೋಡು ಅಂತ ನಾನು ಸಾಣಿಗಿಗೆ ಹೇಳಿರಲೇ ಇಲ್ಲ. ಸಾಣಿಗಿ ಒಬ್ಬನನ್ನು ಇಟ್ಟುಕೊಂಡು ಏಳು ಜನರನ್ನು ಹೊರಗೆ ಒಗೆದಿತ್ತು. ಹೊರಬಿದ್ದವರಲ್ಲಿ ನಮ್ಮ ಮಾವ ಬಸಪ್ಪನೂ ಒಬ್ಬರು! ಉಳಿದವನು ಬೋರ್‌ವೆಲ್ ರಿಪೇರಿ ಬಸಪ್ಪ. ಅವನ ಉತ್ತರ ಆಗಲೇ ಬಂದಿತ್ತು: "ಹನ್ನೊಂದು ಮಂದಿ ಬರ್ತೇವ್ರಿ."

ಮಾವನ ಊರು ಕುಬಿಹಾಳದ ಬಸ್ಸಿನಲ್ಲಿ ಕ್ಷಮೆಯ ಮಾತು ಇಪ್ಪತ್ತು ಸಲ ಬಾಯಿಪಾಠ ಮಾಡಿದೆ. ಇಳಿದಾಗ ಒಂದಕ್ಷರ ನೆನಪಿರಲಿಲ್ಲ. ಮಾವ ಅಂಗಳದಲ್ಲಿ ಕೂತು ಕುಡಗೋಲು ಮಸೆಯುತ್ತಿದ್ದರು.

"ಬರ್ರಿ ಅಳಿಯಂದಿರ. ನಿಮ್ಮ ಕಂಪ್ಯೂಟರ್ ನಮ್ಮನ್ಯಾಕ ಬಿಟ್ಟಿತು?"

"ಫಿಲ್ಟರ್‌ನಾಗ... ಎಂಟು ಬಸಪ್ಪರು..."

ಕುಡಗೋಲು ನಿಲ್ಲಲಿಲ್ಲ. "ಕಲಿತ ಹುಡುಗ ಅಂತ ಮಗಳನ್ನ ಕೊಟ್ಟೇನಿ. ನಮ್ಮೂರ ಕುರಿ ಕಾಯೂ ಮುದುಕಗೂ ಯಾವ ಬಸಪ್ಪ ಯಾರಂತ ಗೊತ್ತೈತಿ."

"ತಪ್ಪಾತ್ರಿ."

"ಮದಲ ಉಳಿದ ಆರು ಬಸಪ್ಪರ ಮನಿಗೆ ಹೋಗಿ ಕುಂಕುಮ ಕೊಟ್ಟು ಕರದು ಬರ್ರಿ. ಕಡೀಕೆ ನನ್ನ ಕರೀರಿ. ಸೀರಿ ತಗೊಂಡು ಬರ್ತೇನಿ."

ಜೀವ ಬಂತು. ಏಳಬೇಕು ಅನ್ನುವಷ್ಟರಲ್ಲಿ ಮಾವ ಮತ್ತೆ ಬಾಯಿ ತೆಗೆದರು.

"ಗಂಡು ಹುಟ್ಟಿದ್ರ ನಮ್ಮ ಮುತ್ಯಾನ ಹೆಸರ ಇಡೂದು. ಬಸಪ್ಪ! ಅವನ್ನರ ಮನಿಯೊಳಗ ಬಿಟ್ಕೊಂತೀರಿಲ್ಲೋ?"

ಹೆಸರು ನಾನು ಬೇರೆ ಯೋಚಿಸಿದ್ದೆ. ಆದರೆ ಕುಡಗೋಲು ಇನ್ನೂ ಮಾವನ ಕೈಯಲ್ಲೇ ಇತ್ತು.

"ಬಿಟ್ಕೊಂತೇನ್ರಿ," ಅಂದೆ.