ಉಣ್ಣೆ ಟೋಪಿಗೆ ಕೃತಜ್ಞತೆಗಳು

ಬೆಳಿಗ್ಗೆ ಏಳು ಗಂಟೆಗೆ ಪತ್ರದಣ್ಣನ ಮನೆಯ ಬಾಗಿಲು ಅರ್ಧ ತೆರೆದು ಅಲ್ಲೇ ನಿಂತುಬಿಟ್ಟಿತು. ಹೊರಗೆ ಲಾರಿಯವನು ಹನ್ನೆರಡು ರಟ್ಟಿನ ಪೆಟ್ಟಿಗೆಗಳನ್ನು ಬಾಗಿಲಿಗೆ ಒತ್ತಿ ಪೇರಿಸಿ, ಸಹಿಗಾಗಿ ಕಿಟಕಿಯ ಹತ್ತಿರ ಬಂದಿದ್ದ.

"ಏನ್ ಸಾರ್ ಇದರಲ್ಲಿ? ನೋಡಿದ್ರೆ ಬೀರು ಇದ್ದಂಗಿದೆ, ಎತ್ತಿದ್ರೆ ಹತ್ತಿ!"

"ಉಣ್ಣೆ ಟೋಪಿ," ಎಂದ ಪತ್ರದಣ್ಣ ಸರಳಿನ ನಡುವೆ ಕೈ ತೂರಿಸಿ ಸಹಿ ಹಾಕುತ್ತ.

ಲಾರಿಯವನು ಕತ್ತಿನ ಬೆವರು ಒರೆಸಿಕೊಂಡ, ಆಗಲೇ ಉರಿಯತೊಡಗಿದ್ದ ಸೂರ್ಯನನ್ನೊಮ್ಮೆ ನೋಡಿದ, ಪತ್ರದಣ್ಣನನ್ನೊಮ್ಮೆ ನೋಡಿದ, ಹೊರಟುಹೋದ.

ಪತ್ರದಣ್ಣ ಚರ್ಚಿನ ಗುಮಾಸ್ತ. ಕಡಲಾಚೆ ಇವರ ಚರ್ಚಿನೊಂದಿಗೆ ಸ್ನೇಹ ಬೆಳೆಸಿದ ಇನ್ನೊಂದು ಚರ್ಚು ಇತ್ತು. ಅಲ್ಲಿಯವರು ಇಲ್ಲಿಗೆ ಬಂದವರಲ್ಲ, ಇಲ್ಲಿಯವರು ಅಲ್ಲಿಗೆ ಹೋದವರಲ್ಲ. ಅಲ್ಲಿಯ ಭಾಷೆ ಬರುತ್ತಿದ್ದುದು ಇವನೊಬ್ಬನಿಗೇ ಆದ್ದರಿಂದ ಪತ್ರ ಬರೆಯುವ ಕೆಲಸ ಇವನ ಕೊರಳಿಗೆ ಬಿದ್ದು, ಹುಟ್ಟುಹೆಸರನ್ನು ಹೆಂಡತಿಯೇ ಮರೆತಿದ್ದಳು. ಒಂಬತ್ತು ವರ್ಷದ ಹಿಂದೆ ಒಂದು ಪತ್ರದ ಕೊನೆಯಲ್ಲಿ, ಬರೆಯಲು ಬೇರೇನೂ ತೋಚದೆ, "ಮಕ್ಕಳಿಗೆ ಸ್ವಲ್ಪ ನೆಗಡಿ" ಎಂದು ಬರೆದಿದ್ದ. ಎರಡೇ ತಿಂಗಳಲ್ಲಿ ನಾಲ್ಕು ಪೆಟ್ಟಿಗೆ ಉಣ್ಣೆ ಟೋಪಿ ಬಂತು.

ಕಡತದಲ್ಲಿ ಹಿಂದಿನ ಗುಮಾಸ್ತ ಬಿಟ್ಟುಹೋದ ಮಾದರಿ ಪತ್ರ ಒಂದಿತ್ತು: "ನೀವು ಕಳಿಸಿದ್ದು ಬಹಳ ಉಪಯೋಗವಾಯಿತು. ನಿಮ್ಮ ಪ್ರೀತಿ ಹೀಗೇ ಇರಲಿ." ಪತ್ರದಣ್ಣ ತಾರೀಕು ಬದಲಿಸಿ ಕಳಿಸಿದ. ಅವರ ಪ್ರೀತಿ ಹೀಗೇ ಇತ್ತು, ವರ್ಷ ವರ್ಷ ಒಂದೊಂದು ಪೆಟ್ಟಿಗೆ ಜಾಸ್ತಿಯೇ ಆಯಿತು. ಮಕ್ಕಳಿಗೆಲ್ಲ ತಲಾ ಆರಾರು ಟೋಪಿ ಹಂಚಿದ್ದಾಯಿತು. ಟೋಪಿಯಲ್ಲಿ ಪಾತ್ರೆ ತಿಕ್ಕಿದರು, ಸೈಕಲ್ಲು ಒರೆಸಿದರು, ಕೊನೆಗೆ ಅದೂ ಸಾಕೆಂದರು. ಉಳಿದದ್ದೆಲ್ಲ ಚರ್ಚಿನ ಹಿಂದೆ ಪತ್ರದಣ್ಣನಿಗೆ ಕೊಟ್ಟಿದ್ದ ಎರಡು ಕೋಣೆಯ ಮನೆಗೆ ಬಂದು ಸೇರಿತು. ಒಳಕೋಣೆ ಪೂರ್ತಿ ಟೋಪಿಗಳದ್ದು. ಹೊರಕೋಣೆಯಲ್ಲಿ ಗಂಡ, ಹೆಂಡತಿ, ಮಗಳು ಬಾಡಿಗೆದಾರರಂತೆ ಮುದುಡಿಕೊಂಡಿದ್ದರು.

"ನಾಳೆ ಬೆಳಿಗ್ಗೆ ಅಮ್ಮನ್ನ ಆಸ್ಪತ್ರೆಯಿಂದ ಕಳಿಸ್ತಾರೆ," ಎಂದಳು ಹೆಂಡತಿ, ಬಾಗಿಲ ಸಂದಿಯಲ್ಲಿ ಪೆಟ್ಟಿಗೆಗಳನ್ನು ದಿಟ್ಟಿಸುತ್ತ. "ಮಂಡಿ ಆಪರೇಷನ್ ಆದವರು ನೆಲದ ಮೇಲೆ ಮಲಗೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದ್ದು ನಿಮ್ಮ ಕಿವಿಗೂ ಬಿದ್ದಿದೆ. ಮಂಚ ಎಲ್ಲಿ ಹಾಕೋದು, ನಿಮ್ಮ ತಲೆ ಮೇಲಾ?"

"ಇವತ್ತು ನಾಲ್ಕು ಗಂಟೆಗೆ ವಿಡಿಯೋದಲ್ಲಿ ಅವರ ಜೊತೆ ಮಾತಿದೆ ಕಣೇ. ಮೊದಲನೇ ಸಲ ಮುಖಾಮುಖಿ. ಹೇಳೇಬಿಡ್ತೀನಿ, ಟೋಪಿ ಬೇಡ ಅಂತ. ಅವರೊಂದು ಮಾತು ಹೂಂ ಅಂದ್ರೆ ಸಾಕು, ಇರೋದನ್ನೆಲ್ಲ ಸಾಯಂಕಾಲದೊಳಗೆ ಬೇರೆಯವರಿಗೆ ಸಾಗಿಸ್ತೀನಿ."

"ಒಂಬತ್ತು ವರ್ಷದಿಂದ ಹೇಳ್ತಾನೇ ಇದೀರಿ. ಇವತ್ತು ನೀವು ಹೇಳದಿದ್ರೆ ನಾನೇ ಬಂದು ಹೇಳ್ತೀನಿ. ನಂಗೆ ಅವರ ಭಾಷೆ ಬರಲ್ಲ, ಆದ್ರೆ ಅರ್ಥ ಆಗೋ ಹಾಗೆ ಹೇಳೋಕೆ ಬರತ್ತೆ."

ಅದು ಪತ್ರದಣ್ಣನಿಗೂ ಗೊತ್ತಿತ್ತು. ಅವನು ಕಿಟಕಿಯಿಂದ ಕೂಗಿ ಪಕ್ಕದ ಮನೆಯ ಬಡಗಿಯನ್ನು ಕರೆದು, ಪೆಟ್ಟಿಗೆ ಸರಿಸಿಸಿಕೊಂಡು ಹೊರಬಂದಾಗ ಹತ್ತೂವರೆ ದಾಟಿತ್ತು.

ಹನ್ನೊಂದಕ್ಕೆ ಕಮಿಟಿ ಸೇರಿತು. ಪಾದ್ರಿ ಅಯ್ಯನವರು ಯಾರ ಮನಸ್ಸನ್ನೂ ನೋಯಿಸದವರು. ತಮ್ಮ ಕಾಲು ತುಳಿದವರಿಗೇ ಕ್ಷಮಿಸಿ ಎನ್ನುವವರು. ಅವರ ಬಲಕ್ಕೆ ನಿವೃತ್ತ ಪೋಸ್ಟ್‌ಮಾಸ್ಟರು, ಎಡಕ್ಕೆ ಸ್ತ್ರೀ ಸಮಾಜದ ದೊಡ್ಡಮ್ಮ. ಪತ್ರದಣ್ಣ ಎದ್ದುನಿಂತು, ಬರೆದುಕೊಂಡು ಬಂದ ಒಂದೇ ಸಾಲು ಓದಿದ: "ದಯವಿಟ್ಟು ಇನ್ನು ಮುಂದೆ ಟೋಪಿ ಕಳಿಸಬೇಡಿ."

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದರು. "ಇದೇನಯ್ಯಾ, ಟೆಲಿಗ್ರಾಂ ಇದ್ದ ಹಾಗಿದೆ. ಯಾರೋ ತೀರಿಕೊಂಡರು ಅನ್ನಿಸತ್ತೆ."

"ಬೇಡ ಅನ್ನೋ ಬದಲು, ಸ್ವಲ್ಪ ಕಡಿಮೆಯಾದರೂ ಸಾಕು ಅಂದರೆ?" ಎಂದರು ಅಯ್ಯನವರು.

"ಕಡಿಮೆ ಅಂದ್ರೂ ಅವಮಾನವೇ," ಎಂದಳು ದೊಡ್ಡಮ್ಮ. "ನಾವು ಪ್ರತಿ ವರ್ಷ ಬಟ್ಟೆ ಅಂಚಿನ ಬೀಸಣಿಗೆ ಮಾಡಿ ಕಳಿಸಲ್ವಾ? ಮೂವತ್ತು ಜನ ಹೆಂಗಸರು ಕೂತು ಹೊಲೀತೀವಿ. ಅವರು ಯಾವತ್ತಾದ್ರೂ ಬೇಡ ಅಂದಿದಾರಾ? 'ಬಹಳ ಉಪಯೋಗವಾಯಿತು, ನಿಮ್ಮ ಪ್ರೀತಿ ಹೀಗೇ ಇರಲಿ' ಅಂತ ಎಷ್ಟು ಚೆಂದ ಬರೀತಾರೆ! ಮರ್ಯಾದಸ್ಥರು ಅಂದ್ರೆ ಹಂಗಿರಬೇಕು."

ಪತ್ರದಣ್ಣನ ತಲೆಯೊಳಗೆ ಏನೋ ಮಿಣುಕ್ ಎಂದಿತು. ಆದರೆ ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಅವನ ಚೀಟಿ ಕಸಿದುಕೊಂಡು ತಿದ್ದತೊಡಗಿದ್ದರು. ಒಂದು ಗಂಟೆಯ ಹೊತ್ತಿಗೆ ಸಾಲು ಹೀಗಾಗಿತ್ತು: "ಟೋಪಿಗಳ ಸಂಖ್ಯೆಯ ವಿಚಾರವಾಗಿ ನಾವು ಪ್ರಾರ್ಥನೆಯಲ್ಲಿದ್ದೇವೆ."

"ಇದರ ಅರ್ಥ ಅವರಿಗೆ ಇನ್ನಷ್ಟು ಕಳಿಸಿ ಅಂತಲೇ ಆಗತ್ತೆ, ಅಯ್ಯನೋರೇ!" ಎಂದ ಪತ್ರದಣ್ಣ.

"ಅರ್ಥ ಮಾಡಿಸೋದು ದೇವರ ಕೆಲಸ. ನೋಯಿಸದೆ ಇರೋದು ನಮ್ಮದು," ಎಂದು ಅಯ್ಯನವರು ಊಟಕ್ಕೆ ಎದ್ದರು.

ಎರಡು ಗಂಟೆಗೆ ಕಡಲಾಚೆಯಿಂದ ಮೊಬೈಲಿಗೆ ಸಂದೇಶ ಬಂತು. ಪತ್ರದಣ್ಣ ಅದನ್ನು ಕಮಿಟಿಗೆ ಓದಿ ಹೇಳಿದ. ಎಲ್ಲರೂ ಟೋಪಿ ಹಾಕಿಕೊಂಡು ಕೂತಿರುವುದನ್ನು ನೋಡಬೇಕೆಂಬುದು, ಇಷ್ಟು ವರ್ಷ ಟೋಪಿ ಹೆಣೆದ ಅಜ್ಜಿಯ ಆಸೆಯಂತೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಸಭಾಂಗಣದಲ್ಲಿ ಐವತ್ತು ಜನ ಕಿವಿ ಮುಚ್ಚುವ ಉಣ್ಣೆ ಟೋಪಿ ಧರಿಸಿ ಕೂತಿದ್ದರು. ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಪೋಸ್ಟ್‌ಮಾಸ್ಟರು ಫ್ಯಾನುಗಳನ್ನು ಆರಿಸಿದ್ದರು. ಬೀದಿಯ ಗಲಾಟೆ ಬರುತ್ತದೆಂದು ಕಿಟಕಿಗಳನ್ನೂ ಹಾಕಿಸಿದ್ದರು. ಮುಖಗಳು ಬೇಯಲು ಇಟ್ಟ ಗೆಡ್ಡೆಗಳಂತೆ ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿದ್ದವು. ಹಾಡಿನ ಮೇಷ್ಟ್ರು ತೂಕದ ಆಸಾಮಿ. ಅವರಿಗೆ ಸಿಕ್ಕಿದ್ದು ಕುಚ್ಚು ಇರುವ, ಎರಡು ಪದರದ ಟೋಪಿ.

ಪರದೆಯ ಮೇಲೆ ಕಡಲಾಚೆಯವರು ಮೂಡಿದರು. ದಪ್ಪ ಕೋಟಿನ ಒಬ್ಬ ಪಾದ್ರಿ; ಕೈಯಲ್ಲಿ ಹೆಣಿಗೆ ಕಡ್ಡಿ ಹಿಡಿದ ಬೆಳ್ಳಿಕೂದಲಿನ ಅಜ್ಜಿ; ಪಕ್ಕದಲ್ಲಿ ನೋಟ್‌ಪುಸ್ತಕ ಹಿಡಿದ, ಕಣ್ಣಿನ ಕೆಳಗೆ ಕಪ್ಪಾದ ಒಬ್ಬ ಬಡಕಲ ಮನುಷ್ಯ. ಯಾರೂ ಹೇಳಬೇಕಾಗಿರಲಿಲ್ಲ. ಇವನು ಅಲ್ಲಿಯ ಪತ್ರದಣ್ಣ.

ಅಯ್ಯನವರು ಇಪ್ಪತ್ತು ನಿಮಿಷ ಕೃತಜ್ಞತೆ ಹೇಳಿದರು. ಪತ್ರದಣ್ಣ ಇಪ್ಪತ್ತು ನಿಮಿಷ ಅದನ್ನು ಅವರ ಭಾಷೆಗೆ ತಂದ. ಟೋಪಿಯೊಳಗಿಂದ ಬೆವರು ಕಣ್ಣಿಗಿಳಿದು, ತಾನು ಅಳುತ್ತಿದ್ದೇನೋ ಎಂದು ಅವನಿಗೇ ಅನುಮಾನವಾಯಿತು. ಅಜ್ಜಿಗಂತೂ ಅನುಮಾನವೇ ಉಳಿಯಲಿಲ್ಲ. ಆಕೆ ಕರವಸ್ತ್ರ ತೆಗೆದು ತಾನೂ ಅತ್ತಳು.

ಕೊನೆಗೆ ಅಯ್ಯನವರು ಟೋಪಿಗಳ ಸಂಖ್ಯೆಗೂ ಪ್ರಾರ್ಥನೆಗೂ ಬಂದರು. ಅಷ್ಟರಲ್ಲಿ ಭಾಷಣ ಮುಗಿಯಿತೆಂದುಕೊಂಡ ಹಾಡಿನ ಮೇಷ್ಟ್ರು ಎದ್ದುನಿಂತು, ಹಾಡಲು ಬಾಯಿ ತೆರೆದು, ಸ್ವರ ಹೊರಡುವ ಮೊದಲೇ ಬೇರು ಸಡಿಲಿದ ಮರದಂತೆ ಮುಂದಿನ ಸಾಲಿನ ಮೇಲೆ ಒರಗಿಬಿಟ್ಟರು.

ಅಲ್ಲಿ ಅಜ್ಜಿ ಕಿಟಾರನೆ ಕಿರುಚಿದಳು. ಇಲ್ಲಿ ಪೋಸ್ಟ್‌ಮಾಸ್ಟರು ಪತ್ರದಣ್ಣನ ಕಿವಿಯಲ್ಲಿ, "ಸಂತೋಷ ಹೆಚ್ಚಾಗಿ ಹೀಗಾಯ್ತು ಅನ್ನು, ಬೇಗ ಅನ್ನು!" ಎಂದು ತಿವಿದರು.

ಪತ್ರದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಸಭಾಂಗಣದ ಬಾಗಿಲಲ್ಲಿ ಸೆರಗು ಬಿಗಿದು ಕಟ್ಟಿಕೊಂಡು ನಿಂತ ಹೆಂಡತಿ ಕಣ್ಣಿಗೆ ಬಿದ್ದಳು. ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಸಂತೋಷ ಅಲ್ಲ, ಸೆಖೆ!" ಎಂದು ಪತ್ರದಣ್ಣ ಅವರ ಭಾಷೆಯಲ್ಲೇ ಕೂಗಿದ. ಟೋಪಿ ಕಿತ್ತು ಮೇಜಿನ ಮೇಲೆ ಕುಕ್ಕಿದ. ಒಂಬತ್ತು ವರ್ಷದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಇಲ್ಲಿ ಚಳಿಯೇ ಇಲ್ಲ, ಆ ನೆಗಡಿ ನಾಲ್ಕೇ ದಿನದಲ್ಲಿ ವಾಸಿಯಾಗಿತ್ತು, ಟೋಪಿಗಳು ತನ್ನ ಮನೆಯಲ್ಲಿ ಸಂಸಾರ ಹೂಡಿವೆ, ನಾಳೆ ಅತ್ತೆ ಬರುತ್ತಾಳೆ, ಮಂಚಕ್ಕೆ ಜಾಗವಿಲ್ಲ.

ಅಯ್ಯನವರಿಗೆ ಮಾತು ಅರ್ಥವಾಗದಿದ್ದರೂ ಮೇಜಿನ ಮೇಲಿನ ಟೋಪಿ ನೋಡಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಅಜ್ಜಿ ಹೆಣಿಗೆ ಕಡ್ಡಿಯನ್ನು ಪಟ್ಟನೆ ಕೆಳಗಿಟ್ಟಳು. ಬಿಗಿಯಾಗಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡಳು. ನಗತೊಡಗಿದಳು. ಮೂರು ವರ್ಷದಿಂದ ಕೀಲುನೋವಂತೆ. ಬಿಡೋಣವೆಂದರೆ ಪ್ರತಿ ವರ್ಷ ಇವನ ಪತ್ರ ಬಂದು ಮನಸ್ಸು ಕರಗಿಸುತ್ತಿತ್ತಂತೆ.

ಅಲ್ಲಿಯ ಪತ್ರದಣ್ಣ ಮೆಲ್ಲಗೆ ಎದ್ದ. ಧೈರ್ಯ ಅಂಟುರೋಗವೋ ಏನೋ, ತನ್ನ ಹಿಂದಿದ್ದ ಬಾಗಿಲನ್ನು ಪೂರ್ತಿ ತೆರೆದ. ಒಳಗೆ ನೆಲದಿಂದ ಸೂರಿನವರೆಗೆ ಬಣ್ಣಬಣ್ಣದ ಅಂಚಿನ ಬೀಸಣಿಗೆಗಳು. ಅವುಗಳ ಸಂದಿಯಲ್ಲಿ ಕಾಣುವ ಕಿಟಕಿಯಾಚೆ ಮೊಣಕಾಲುದ್ದ ಹಿಮ.

"ಅದು ನಮ್ಮ ಬೀಸಣಿಗೆ ಅಲ್ವೇನೋ?" ಎಂದಳು ದೊಡ್ಡಮ್ಮ.

"ಹೌದು ದೊಡ್ಡಮ್ಮ."

"ಬಹಳ ಉಪಯೋಗವಾಯಿತು ಅಂತ ಬರೆದಿದ್ರು?"

"ಅವರ ಕಡತದಲ್ಲೂ ಮಾದರಿ ಪತ್ರ ಇದ್ದ ಹಾಗಿದೆ."

ದೊಡ್ಡಮ್ಮನ ಮುಖ ಒಂದು ಗಳಿಗೆ ಮೋಡ ಕಟ್ಟಿತು. ಆದರೆ ಅಷ್ಟರಲ್ಲಿ ತಲೆಗೆ ನೀರು ಹಾಕಿಸಿಕೊಂಡು ಎಚ್ಚೆತ್ತ ಹಾಡಿನ ಮೇಷ್ಟ್ರು, "ಆ ಬೀಸಣಿಗೆ ಇಲ್ಲಾದ್ರೂ ಇದ್ದಿದ್ರೆ!" ಎಂದು ನರಳಿದ್ದೇ ತಡ, ದೊಡ್ಡಮ್ಮನೇ ಮೊದಲು ನಕ್ಕಳು. ಆಮೇಲೆ ಐವತ್ತು ಟೋಪಿಗಳೂ ಒಟ್ಟಿಗೆ ಗಾಳಿಗೆ ಹಾರಿದವು. ಎರಡೂ ಕಡೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಇನ್ನು ಮೇಲೆ ಟೋಪಿಯೂ ಇಲ್ಲ, ಬೀಸಣಿಗೆಯೂ ಇಲ್ಲ, ಬರೀ ಮಾತುಕತೆ ಎಂದು ತೀರ್ಮಾನವಾಯಿತು. ಬಾಗಿಲಲ್ಲಿ ಹೆಂಡತಿ ಸೆರಗು ಸಡಿಲಿಸಿದಳು. ಮದುವೆಯಾದ ಮೇಲೆ ಅವಳು ಗಂಡನನ್ನು ಮೆಚ್ಚುಗೆಯಿಂದ ನೋಡಿದ್ದು ಅದು ಎರಡನೆಯ ಸಲ.

ಆಗ ಅಲ್ಲಿಯ ಪತ್ರದಣ್ಣ ತನ್ನ ಪಾದ್ರಿಯ ಕಿವಿಯಲ್ಲಿ ಏನೋ ಉಸುರಿದ. ಪಾದ್ರಿಯ ಮುಖ ಅರಳಿತು. ಅವರು ಎದೆಯ ಮೇಲೆ ಕೈಯಿಟ್ಟು ಮಾತಾಡಿದರು. ಕೇಳುತ್ತ ಕೇಳುತ್ತ ಇಲ್ಲಿಯ ಪತ್ರದಣ್ಣನ ನಗು ಒಣಗಿತು.

"ಏನಂತೆ?" ಎಂದರು ಅಯ್ಯನವರು.

"ನಮ್ಮಲ್ಲಿ ಇಷ್ಟೊಂದು ಸೆಖೆ ಅಂತ ಅವರಿಗೆ ಇವತ್ತೇ ತಿಳಿದದ್ದಂತೆ. ಬೀಸಣಿಗೆಯ ಅಗತ್ಯ ಇರೋದು ನಮಗೇ ಅಂತೆ. ಅಷ್ಟನ್ನೂ ನಾಳೆಯೇ ಹಡಗಿಗೆ ಹಾಕ್ತಾರಂತೆ. ಅರವತ್ತು ಪೆಟ್ಟಿಗೆ."

"ಟೋಪಿ?"

"ಅಜ್ಜಿ ಮುಂದಿನ ವರ್ಷ ಖುದ್ದಾಗಿ ಬಂದು ತಾನು ಹೆಣೆದದ್ದನ್ನೆಲ್ಲ ಒಂದ್ಸಲ ನೋಡ್ಬೇಕಂತೆ. ಒಂದೂ ಕಳೀದೆ ಜೋಪಾನವಾಗಿ ಇಡಿ ಅಂತಾರೆ. ಅಯ್ಯನೋರೇ, ಬೇಡ ಅಂತ ಹೇಳ್ಲಾ?"

ಅಯ್ಯನವರು ಗಾಬರಿಯಿಂದ ಅವನ ಕೈ ಹಿಡಿದರು. "ಛೆ, ಛೆ! ಈಗಷ್ಟೇ ಒಂದನ್ನ ಬೇಡ ಅಂದಿದೀವಿ. ಒಂದೇ ದಿನ ಎರಡು ಸಲ ಬೇಡ ಅನ್ನೋದಾ?"

ಪರದೆಯಲ್ಲಿ ಅಲ್ಲಿಯ ಪತ್ರದಣ್ಣ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಅವನ ಹಿಂದೆ ಎಲ್ಲೋ ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅವನ ಹೆಂಡತಿಯೇ ಇರಬೇಕು. ಪತ್ರದಣ್ಣ ಗಂಟಲು ಸರಿಮಾಡಿಕೊಂಡು, ಬಾಯಿಪಾಠವಾಗಿದ್ದ ಸಾಲನ್ನೇ ಹೇಳಿದ: "ಬಹಳ ಉಪಯೋಗವಾಗುತ್ತದೆ. ನಿಮ್ಮ ಪ್ರೀತಿ ಹೀಗೇ ಇರಲಿ."

ಸಾಯಂಕಾಲ ಹೊರಕೋಣೆಯಲ್ಲಿ ಅತ್ತೆಗೆ ಮಂಚ ಬಿತ್ತು. ಮಂಚದ ಪಕ್ಕದಲ್ಲಿ ಉಳಿದ ಜಾಗ ತಾಯಿಗೂ ಮಗಳಿಗೂ ಸರಿಹೋಯಿತು. ಪತ್ರದಣ್ಣನ ಚಾಪೆ, ದಿಂಬುಗಳನ್ನು ಹೆಂಡತಿ ಒಳಕೋಣೆಗೆ ಒಯ್ದು, ಟೋಪಿ ಪೆಟ್ಟಿಗೆಗಳ ತುದಿಗೆ, ಸೂರಿಗೆ ಎರಡು ಅಡಿ ಕೆಳಗೆ ಎಸೆದಳು. ಅವನು ಏಣಿ ಹತ್ತಿ, ಹೊರಳಲು ಜಾಗವಿದೆಯೇ ಎಂದು ಮಲಗಿ ನೋಡಿದ.

"ಮೆತ್ತಗೇನೋ ಇದೆ ಕಣೇ. ಆದ್ರೆ ಸೆಖೆ ತಡೆಯೋಕಾಗಲ್ಲ."

"ಸ್ವಲ್ಪ ದಿನ ತಡ್ಕೊಳ್ಳಿ," ಎಂದಳು ಹೆಂಡತಿ ಕೆಳಗಿಂದ, ಏಣಿ ತೆಗೆದುಕೊಂಡು ಹೋಗುತ್ತ. "ಬೀಸಣಿಗೆ ಬರ್ತಾ ಇದೆಯಲ್ಲ."