ರ‍್ಯಾಮ್ ಡಿಸ್ಕಿಗೆ ಖಂಡೇ ಪೂಜೆ

ಬೆಳಗಾವಿಗೆ ವ್ಯಾಜ್ಯಗಳೇನೂ ಹೊಸವಲ್ಲ. ಗಡಿಯ ವ್ಯಾಜ್ಯಕ್ಕಾದರೂ ಸುಪ್ರೀಂ ಕೋರ್ಟು ಇದೆ. ನನಗೂ ನನ್ನ ಧರ್ಮಪತ್ನಿ ನಾಗರತ್ನಾಳಿಗೂ ಮೂವತ್ತೆರಡು ವರ್ಷಗಳಿಂದ ನಡೆದಿರುವ ವ್ಯಾಜ್ಯಕ್ಕೆ ಯಾವ ಕೋರ್ಟೂ ಇಲ್ಲ. ವಿಷಯ ಇಷ್ಟೇ: ಇಟ್ಟಂಗಿ ಆಟದಲ್ಲಿ ಮೊದಲ ನಂಬರು ಯಾರದು?

ನಗಬೇಡಿ. ೧೯೯೩ರಲ್ಲಿ ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದೆ. ಮಾಲೀಕರ ಮಗ ಆಡಿ ಬೇಸತ್ತ ಹೋಮ್ ಕಂಪ್ಯೂಟರೊಂದನ್ನು ಮಾಲೀಕರು ನನಗೆ ದಯಪಾಲಿಸಿದರು. ಕೀಬೋರ್ಡಿನ ಹೊಟ್ಟೆಯಲ್ಲೇ ಕಂಪ್ಯೂಟರು, ಪಕ್ಕದಲ್ಲಿ ಫ್ಲಾಪಿ ನುಂಗುವ ಬಾಯಿ, ಪರದೆಗೆ ನಮ್ಮದೇ ಟಿವಿ. ಅದು ಪೀರನವಾಡಿಯ ನಮ್ಮ ಎರಡು ಕೋಣೆಯ ಮನೆಗೆ ಬಂದ ದಿನ ಇಡೀ ಓಣಿ ನೋಡಲು ಬಂತು. ಬಂದವರಿಗೆಲ್ಲ ಚಹಾ ಮಾಡಿ ಸಾಕಾದ ನಾಗರತ್ನಾ ಅಂದೇ ಷರತ್ತು ಹಾಕಿದಳು.

"ಈ ಆಟದಾಗ ಯಾರು ಫಸ್ಟ್ ಬರ್ತಾರ, ಅವರು ಕುಂತ ಕುಡಿಯೂದು. ಸೋತವರು ದಿನಾ ಮುಂಜಾನಿ ಚಾ ಮಾಡೂದು. ಜೀವ ಇರೂತನಕಾ!"

ಆಟವೆಂದರೆ ಕೆಳಗೊಂದು ಹಲಗೆ, ಮೇಲೊಂದು ಇಟ್ಟಂಗಿಯ ಗೋಡೆ. ಚೆಂಡು ಪುಟಿಸಿ ಗೋಡೆ ಒಡೆಯಬೇಕು. ಹೆಚ್ಚು ಅಂಕ ಪಡೆದವರ ಹೆಸರು ಫ್ಲಾಪಿಯಲ್ಲಿ ಮೇಲೆ ಉಳಿಯುತ್ತದೆ. ನಾನು ನಲವತ್ತೊಂದು ಸಾವಿರ ಹೊಡೆದು ಅಗ್ರಪೀಠವೇರಿದೆ. ಮರುವಾರವೇ ಡ್ರೈವು ಕೆಟ್ಟಿತು. ಕೆಡುವ ಹಿಂದಿನ ಮಧ್ಯಾಹ್ನ ನನ್ನ ದಾಖಲೆ ಮುರಿದದ್ದು ತಾನೇ ಎಂದು ನಾಗರತ್ನಾ ಸಾರಿಬಿಟ್ಟಳು! ಸಾಕ್ಷಿಯಾದ ಫ್ಲಾಪಿ ಕೆಟ್ಟ ಡ್ರೈವಿನೊಳಗೆ ಸಿಕ್ಕಿಬಿದ್ದಿತ್ತು. ಹೀಗಾಗಿ ತೀರ್ಪು ಬರುವವರೆಗೆ ದಿನ ಬಿಟ್ಟು ದಿನ ಚಹಾ ಎಂದು ಮಧ್ಯಂತರ ಆದೇಶವಾಯಿತು. ಜಾಗ ಸಾಲದೆ ಕಂಪ್ಯೂಟರಿನ ಡಬ್ಬಿ ಖಾನಾಪುರದ ಅವಳ ತವರಿನ ಅಟ್ಟ ಸೇರಿತು.

ತವರೆಂದ ಮೇಲೆ ನಮ್ಮ ಅತ್ತೆ ಭರಮವ್ವನವರ ಬಗ್ಗೆ ಹೇಳಲೇಬೇಕು. ಅವರು ತೀರಿಕೊಂಡು ಆರು ವರ್ಷ. ಇಪ್ಪತ್ತೇಳು ವರ್ಷಗಳ ಅಳಿಯತನದಲ್ಲಿ ನಾನು ಅವರ ಮುಖವನ್ನು ಪೂರ್ತಿ ನೋಡಿದ್ದು ನಮ್ಮ ಪಡಸಾಲೆಯ ಫೋಟೊದಲ್ಲೇ. ಅಳಿಯ ಬಂದರೆ ಸೆರಗು ಮೂಗಿನವರೆಗೆ ಇಳಿಯುತ್ತಿತ್ತು, ಮಾತು ಮಗಳ ಮೂಲಕ ಬರುತ್ತಿತ್ತು. ("ಅವರಿಗೆ ಇನ್ನೊಂದು ರೊಟ್ಟಿ ಬೇಕೇನಂತ ಕೇಳs.") ನಮ್ಮ ಮನೆಗೂ ನಾನು ಕೆಲಸಕ್ಕೆ ಹೋದ ಮೇಲೆ ಬಸ್ಸಿನಲ್ಲಿ ಬಂದು, ನಾನು ಮರಳುವ ಮೊದಲೇ ಹೊರಟುಬಿಡುತ್ತಿದ್ದರು. ಮರ್ಯಾದೆ ಎಂದರೆ ಅದು ಎಂದು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೇ ಹೊಗಳಿದ್ದು.

ಈ ದಸರಾಕ್ಕೆ ಮೊದಲು ನನ್ನ ಮೈದುನ ಸಾತಪ್ಪ ಅಟ್ಟ ಖಾಲಿ ಮಾಡಿದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದಿಂದ ಬಸ್ಸಿನಲ್ಲಿ ಬರುವಾಗ ನನ್ನ ಪ್ರಾಯವೇ ಮರಳಿದಂತಾಗಿ ದಾರಿಯುದ್ದಕ್ಕೂ ಸಿಳ್ಳೆ ಹಾಕಿದೆ. ಪಕ್ಕದಲ್ಲಿ ನಾಗರತ್ನಾ ಎಂದೂ ಇಲ್ಲದಷ್ಟು ಸುಮ್ಮನಿದ್ದಳು. ಸೋಲಿನ ಭಯ ಎಂದುಕೊಂಡೆ.

ಹಳೆಯ ಗೆಳೆಯ, ಟಿವಿ ರಿಪೇರಿಯ ಮೌಲಾಸಾಬ ಎರಡು ದಿನ ಕೂತು ಡ್ರೈವು ಸರಿಮಾಡಿದ. ಉಗುರಿನಷ್ಟು ಕಾರ್ಡೊಂದನ್ನು ಕೂಡಿಸಿ ಇದೇ ಹಾರ್ಡ್ ಡಿಸ್ಕ್ ಎಂದ. ಹೆಚ್ಚುವರಿ ಮೆಮೊರಿ ಹಾಕಿ ಅದರಲ್ಲೊಂದು ರ‍್ಯಾಮ್ ಡಿಸ್ಕ್ ಮಾಡಿದ. ಫ್ಲಾಪಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ.

"ಕಲ್ಮೇಶಣ್ಣಾ, ಬೂರಸು ಹಿಡದೇತಿ. ಒಮ್ಮಿ ಓದಿದ್ರ ಪುಣ್ಯಾ. ಮೊದ್ಲ ರ‍್ಯಾಮ್ ಡಿಸ್ಕಿಗೆ ಎಳಕೋರಿ, ಅಲ್ಲಿಂದ ಹಾರ್ಡ್ ಡಿಸ್ಕಿಗೆ ಹಾಕ್ರಿ. ಹಾರ್ಡ್ ಡಿಸ್ಕಿಗೆ ಹೋತಂದ್ರ ಕಲ್ಲಾಗ ಕೊರದಂಗ. ರ‍್ಯಾಮ್ ಡಿಸ್ಕು ಪಾಟಿ ಇದ್ದಂಗ. ಕರೆಂಟ್ ಹೋತು, ಪಾಟಿ ಒರಸಿ ಹೋತು!"

ಈ ಜ್ಞಾನವನ್ನು ನಾನು ನಾಗರತ್ನಾಳಿಗೆ ಮೂರು ಸಲ ಬೋಧಿಸಿದೆ. ಕೊನೆಗೆ ಅವಳು, "ನಂಗ ತಿಳಿದೈತ್ರಿ. ನೀವು ನೆನಪಿಟ್ಟಕೋರಿ" ಎಂದಳು.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಸ್ಕೂಟರಿಗೆ ಹೂ ಏರಿಸುತ್ತಿದ್ದಾಗ ನಾನು ಫ್ಲಾಪಿ ತುರುಕಿದೆ. ಡ್ರೈವು ಹಲ್ಲು ಕಡಿಯಿತು, ನರಳಿತು, ಕೊನೆಗೆ ಆಟವನ್ನೂ ಅಂಕಪಟ್ಟಿಯನ್ನೂ ರ‍್ಯಾಮ್ ಡಿಸ್ಕಿಗೆ ಕಕ್ಕಿತು. ಹೊರತೆಗೆದು ನೋಡಿದರೆ ಫ್ಲಾಪಿಯ ಲೇಪವೆಲ್ಲ ಕಂದು ಪುಡಿಯಾಗಿತ್ತು. ಅದರ ಆಯುಷ್ಯ ಮುಗಿಯಿತು. ಇರಲಿ, ಹಾರ್ಡ್ ಡಿಸ್ಕಿಗೆ ಆಮೇಲೆ ಹಾಕಿದರಾಯಿತು ಎಂದು ಪಟ್ಟಿ ತೆರೆದೆ.

ಮೂರನೆಯದು ನಾಗರತ್ನಾ. ಎರಡನೆಯದು ಕಲ್ಮೇಶ. ಮೊದಲನೆಯದು, ಐವತ್ತೇಳು ಸಾವಿರದ ಮುನ್ನೂರಾ ಇಪ್ಪತ್ತು. ಹೆಸರು, ಭರಮವ್ವ!

ನನ್ನ ಅತ್ತೆ! ಮೂಗಿನವರೆಗೆ ಸೆರಗಿದ್ದವರು! ನಾನು ಫೌಂಡ್ರಿಯಲ್ಲಿ ಬೆವರು ಸುರಿಸುತ್ತಿದ್ದಾಗ ಅವರು ಇಲ್ಲಿ ಸೆರಗು ಬಿಗಿದು ಇಟ್ಟಂಗಿ ಒಡೆಯುತ್ತಿದ್ದರು!

"ಮಂಗಳಾರತಿ ಹೊತ್ತಾತ್ರಿ! ಆ ಡಬ್ಬಿಗೂ ಇಭೂತಿ ಹಚ್ಚೂಣು" ಎಂದು ನಾಗರತ್ನಾ ಕೂಗಿದಳು.

ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಖಂಡೇ ಪೂಜೆ ಮಾಡಿದವ ನಾನು. ಯಂತ್ರಕ್ಕೆ ವಿಭೂತಿಯ ಕೈ ಹಚ್ಚುವ ಮೊದಲು ಮೇನ್ ಇಳಿಸಬೇಕು. ಈ ನಿಯಮ ನನ್ನ ರಕ್ತದಲ್ಲೇ ಇದೆ. ಮನೆಯ ಮಿಕ್ಸಿಗೂ ಹಾಗೆಯೇ. ಎದ್ದೆ, ಮೇನ್ ಇಳಿಸಿದೆ. ಇನ್ವರ್ಟರಿಗೂ ಪೂಜೆ ಇತ್ತಲ್ಲ, ಅದನ್ನೂ ಆರಿಸಿದೆ. ಹಳೆಯ ಟಿವಿಯ ಪರದೆ ಒಂದು ಚುಕ್ಕೆಯಾಗಿ ಕರಗುವುದನ್ನು ನೋಡಿದ ಮೇಲೆಯೇ ನನ್ನ ಕೈ ಏನು ಮಾಡಿತೆಂದು ತಲೆಗೆ ಹೊಳೆಯಿತು.

ಪಾಟಿ ಒರೆಸಿಹೋಗಿತ್ತು.

ತಲೆ ಚಚ್ಚಿಕೊಂಡೆ. ಮರುಕ್ಷಣ ಒಂದು ದುಷ್ಟ ಸಮಾಧಾನವೂ ಆಯಿತು. ಪಟ್ಟಿ ನೋಡಿದವ ನಾನೊಬ್ಬನೇ! ನಾಗರತ್ನಾ ಕುಂಕುಮದ ತಟ್ಟೆ ಹಿಡಿದು ಬಂದಳು.

"ಓದಿತೇನ್ರಿ? ಯಾರ ಫಸ್ಟ್?"

"ನಾನ! ನಲವತ್ತೊಂದು ಸಾವಿರ. ನೀ ಎರಡನೇದು. ಪಾಪ, ಆಮ್ಯಾಲ ಕರೆಂಟ್ ಹೋತು."

ಅವಳು ಕೆಳಗೆ ಇಳಿದಿದ್ದ ಮೇನ್ ನೋಡಿದಳು. ನನ್ನ ಮುಖ ನೋಡಿದಳು.

"ಹಂಗಾದ್ರ ಐವತ್ತೇಳು ಸಾವಿರದ ಮುನ್ನೂರಾ ಇಪ್ಪತ್ತು ಯಾರದು?"

"ನಿನಗ... ಹೆಂಗ ಗೊತ್ತು?"

"ಹೆಸರು ಒತ್ತಿದಾಕಿನ ನಾನು. 'ಅಳಿಯಾಗ ತಿಳದ್ರ ಹೆಂಗ ಮಾರಿ ತೋರಸ್ಲೆವ್ವಾ' ಅಂತ ಅವ್ವ ಆಣಿ ಮಾಡಿಸ್ಕೊಂಡಿದ್ಲು. ಅದಕ್ಕ ಇಷ್ಟ ವರ್ಷ ಆ ರೆಕಾರ್ಡ್ ನಂದ ಅಂತ ನನ್ನ ಮ್ಯಾಲ ಹಾಕ್ಕೊಂಡ ಬಂದೆ."

(ತೋರಿಸದ ಮುಖದ ಬಗ್ಗೆ ಎಷ್ಟೊಂದು ಚಿಂತೆ!)

"ಈಗ ಹಚ್ರಿ ಕರೆಂಟ್" ಎಂದಳು. ದನಿ ಮೆತ್ತಗಾಗಿತ್ತು. "ಅವ್ವನ ಹೆಸರು ಒಂದ್ಸಲ ನೋಡ್ತೀನಿ. ಅದಕ್ಕನ ಅಲ್ಲೇನ್ರಿ ನಾ ಖಾನಾಪುರಕ್ಕ ಬಂದದ್ದು."

ಕರೆಂಟು ಹಚ್ಚಿದೆ. ಹಾರ್ಡ್ ಡಿಸ್ಕ್ ಖಾಲಿ. ರ‍್ಯಾಮ್ ಡಿಸ್ಕ್ ಖಾಲಿ. ಫ್ಲಾಪಿಯ ಕಂದು ಪುಡಿ ನನ್ನ ಬೆರಳಿಗೆ ಅಂಟಿತ್ತು. ನಾಚಿಕೆಯಿಂದ ಸತ್ತುಹೋದೆ. ಹೆಂಡತಿಯ ಮುಂದೆ ಸಾವಿರ ಸಲ ಸೋತಿದ್ದೇನೆ, ಅಷ್ಟು ನೋವಾದದ್ದು ಅದೇ ಮೊದಲು.

"ನಾ ನೋಡೇನಿ, ನಾಗೂ. ಎಲ್ಲಾರಕಿಂತ ಮ್ಯಾಲ ಇತ್ತು" ಎಂದೆ.

"ಸುಳ್ಳುಬುರುಕರ ಸಾಕ್ಷಿ!" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ತೀರ್ಪು ಕೊಟ್ಟಳು. "ಗೆದ್ದಾಕಿ ಅವ್ವ. ಅವ್ವಂದು ಮಗಳಿಗೆ ಬರ್ತೈತಿ. ಏಳ್ರಿ, ಚಾ ಇಡ್ರಿ."

ಮೇಲ್ಮನವಿಗೆ ಅವಕಾಶವಿಲ್ಲ. ಈಗ ದಿನಾ ಬೆಳಿಗ್ಗೆ ಮೂರು ಕಪ್ಪು ಚಹಾ ಮಾಡುತ್ತೇನೆ. ಮೊದಲನೆಯದು ಪಡಸಾಲೆಯ ಫೋಟೊದ ಮುಂದೆ. ಅತ್ತೆಯವರು ಸೆರಗು ಎಳೆದುಕೊಳ್ಳದೆ ನನ್ನನ್ನೇ ನೋಡುತ್ತಾರೆ. ಆದರೆ ನನ್ನೊಡನೆ ನೇರವಾಗಿ ಮಾತಾಡುವುದು ಇವತ್ತಿಗೂ ಇಲ್ಲ, ಎಲ್ಲ ಮಗಳ ಮೂಲಕವೇ.

"ಸಕ್ರಿ ಕಡಿಮಿ ಆಗೇತಿ ಅಂತಾಳ್ರಿ ಅವ್ವ."